ಹ್ರಸ್ವ ಚಾಲು, ದೀರ್ಘ ಚಾಲೂ

ಮೂವತ್ತೊಂದು ವರ್ಷ ನಾನು ಬಾಗಲಕೋಟೆ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡ ಕಲಿಸಿದವಳು. ಹ್ರಸ್ವ ಬರೆಯಬೇಕಾದಲ್ಲಿ ದೀರ್ಘ ಬರೆದವರ ಕಿವಿ ಹಿಂಡಿದ್ದೇನೆ, ದೀರ್ಘ ನುಂಗಿದವರಿಗೆ ಅದೇ ಶಬ್ದವನ್ನು ಐವತ್ತು ಸಲ ಬರೆಸಿದ್ದೇನೆ. ಒಂದು ಕೊಂಬು ಉದ್ದವಾದರೆ ಜಗತ್ತೇನು ಮುಳುಗಿಹೋಗುತ್ತದೆಯೇ ಎಂದು ಒಬ್ಬ ಪಾಲಕರು ಶಾಲೆಗೇ ಬಂದು ಜಗಳ ತೆಗೆದಿದ್ದರು. ಮುಳುಗುತ್ತದೆ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದ್ದೆ. ಆ ಮಾತು ಎಷ್ಟು ನಿಜವೆಂದು ನನಗೇ ತಿಳಿದದ್ದು ನಿವೃತ್ತಿಯಾದ ಮೇಲೆ, ಹೈದರಾಬಾದಿನಲ್ಲಿ, ಮೊಮ್ಮಗಳ ತೋಳಿನ ಮೇಲೆ.

ಇದನ್ನು ಹೇಳಿಕೊಳ್ಳಲು ನನಗೇನೂ ಖುಷಿಯಿಲ್ಲ. ತಪ್ಪು ತಿದ್ದಿ ಅಭ್ಯಾಸವೇ ಹೊರತು ಒಪ್ಪಿಕೊಂಡು ಅಭ್ಯಾಸವಿಲ್ಲ. ಆದರೆ ಕೊನೆಗೆ ಗೆದ್ದವಳೂ ನಾನೇ ಆದ್ದರಿಂದ ಹೇಳುತ್ತೇನೆ.

ಮಗಳ ಮನೆ ಮಿಯಾಪುರದಲ್ಲಿ, ದೊಡ್ಡದೊಂದು ಅಪಾರ್ಟ್‌ಮೆಂಟಿನ ಒಂಬತ್ತನೆಯ ಮಹಡಿ. ಅವಳು ಬೆಳಿಗ್ಗೆ ಮೆಟ್ರೊ ಹಿಡಿದು ಅಬಿಡ್ಸ್ ಕಡೆಯ ಕಚೇರಿಗೆ ಹೋದರೆ ಬರುವುದು ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ. ಅಳಿಯನ ಮನೆತನ ಬೀದರ ಕಡೆಯದು, ಮೂರು ತಲೆಮಾರಿನಿಂದ ಇಲ್ಲೇ ಸರಕಾರಿ ನೌಕರಿ; ಅವನದು ಊರೂರು ತಿರುಗುವ ಕೆಲಸ. ಎರಡನೆಯ ತರಗತಿಯ ಮೊಮ್ಮಗಳನ್ನು ನೋಡಿಕೊಳ್ಳಲೆಂದು ನನ್ನನ್ನು ಕರೆಸಿಕೊಂಡರು. ತಾಯಿಯ ತಾಯಿಯನ್ನು ನಮ್ಮ ಕಡೆ ಕರೆಯುವಂತೆ ಅವಳೂ ನನ್ನನ್ನು ಆಯಿ ಎನ್ನುತ್ತಾಳೆ. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ತೆಲುಗು, ಶಾಲೆಯ ಬಸ್ಸಿನಲ್ಲಿ ಹಿಂದಿ. ಹುಡುಗಿ ಹೊಸ್ತಿಲು ದಾಟುವಷ್ಟರಲ್ಲಿ ಭಾಷೆ ಬದಲಿಸಿಬಿಡುತ್ತಿದ್ದಳು. ನನಗೆ ಹಿಂದಿ ಹೇಗೋ ನಡೆಯುತ್ತಿತ್ತು. ತೆಲುಗು ಬರುತ್ತಿರಲಿಲ್ಲ, ಬರುವುದಿಲ್ಲ ಎಂದು ಒಪ್ಪಿಕೊಳ್ಳುತ್ತಲೂ ಇರಲಿಲ್ಲ. ಅಕ್ಷರ ನಮ್ಮವುಗಳ ಹಾಗೇ ಇವೆ, ಅರ್ಧ ಶಬ್ದಗಳು ನಮ್ಮವೇ, ಅದರಲ್ಲೇನು ಮಹಾ ಎನ್ನುವುದು ನನ್ನ ಜಂಬ.

ಬಂದ ವಾರದಲ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಜೂನ್ ತಿಂಗಳ ಧಗೆಯಲ್ಲೂ ಹುಡುಗಿ ತುಂಬು ತೋಳಿನ ಅಂಗಿ ಬಿಡುವುದಿಲ್ಲ. ಸ್ನಾನಕ್ಕೆ ಕೂರಿಸಿದಾಗ ಕಾರಣ ಕಂಡಿತು. ಎರಡೂ ಮೊಣಕೈಗಳ ಒಳಮಡಿಕೆ ಕೆಂಪಾಗಿ, ಒರಟಾಗಿ, ಕೆರೆದ ಗೆರೆಗಳಿಂದ ತುಂಬಿತ್ತು. ಕುತ್ತಿಗೆಯ ಬದಿಗೂ ಸ್ವಲ್ಪ ಹರಡಿತ್ತು. ಅಂಟುರೋಗವಲ್ಲ, ಸೂಕ್ಷ್ಮ ಚರ್ಮ, ಹಾಲು ಕುಡಿಯುವ ವಯಸ್ಸಿನಿಂದ ಆಗಾಗ ಬಂದು ಹೋಗುತ್ತದೆ ಎಂದಳು ಮಗಳು. ಈ ಸಲ ಬಂದದ್ದು ಹೋಗಿರಲಿಲ್ಲ. ತೋಳು ಯಾಕೆ ಮುಚ್ಚಿಕೊಳ್ಳುತ್ತೀ ಎಂದು ನಾನು ಕೇಳಿದ್ದಕ್ಕೆ ಹುಡುಗಿ ತಂಬಿಗೆಯೊಳಗಿನ ನೀರನ್ನೇ ನೋಡುತ್ತಾ ಹೇಳಿದಳು.

"ಸಾಲ್ಯಾಗ ನನ್ನ ಕೈ ಯಾರೂ ಹಿಡಿಯಂಗಿಲ್ಲ ಆಯಿ. ಅಂಟ್ತೈತಿ ಅಂತಾರ."

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿರುತ್ತದೆ ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಅಂದು ಅದು ನೆತ್ತಿಗೇರಿತು. ಏಳು ವರ್ಷದ ಕೂಸಿನ ಕೈ ಹಿಡಿಯಲು ಹೇಸುವವರು ಯಾರು, ಅವರ ತಾಯಂದಿರು ಯಾರು, ಅವರ ಮನೆ ಎಲ್ಲಿ ಎಂದು ಕೂಗಾಡಿದೆ. ಸ್ನಾನ ಮುಗಿದದ್ದೇ ಹುಡುಗಿ ಅಂಗಿ ತೊಟ್ಟು ಅದರ ತೋಳನ್ನು ಮುಂಗೈವರೆಗೆ ಎಳೆದುಕೊಂಡಳು. ದಸರೆಯ ಹೊತ್ತಿಗೆ ಅವಳಿಗೆ ಲಂಗ-ರವಿಕೆ, ನಮ್ಮ ಕಡೆಯ ಪರಕಾರ-ಪೋಲಕ, ಹೊಲಿಸಬೇಕೆಂದು ಗುಳೇದಗುಡ್ಡದ ಖಣ ತಂದಿದ್ದೆ, ಕೆಂಪು ಅಂಚಿನ ಹಸಿರು ಖಣ. ಆ ತುಂಡಿನಲ್ಲಿ ಗಿಡ್ಡ ತೋಳಿನ ಪೋಲಕ ಮಾತ್ರ ಆಗುತ್ತದೆ, ತುಂಬು ತೋಳಿಗೆ ಅರಿವೆ ಸಾಲುವುದಿಲ್ಲ. ಹುಡುಗಿ ಅದನ್ನು ಕೆನ್ನೆಗೆ ಒತ್ತಿ ನೋಡಿ, ಗಿಡ್ಡ ತೋಳಾದರೆ ತನಗೆ ಬೇಡ ಎಂದು ಮಡಚಿ ಕಪಾಟಿನಲ್ಲಿಟ್ಟಳು. ಈ ಹುಡುಗಿ ಈ ಖಣ ತೊಟ್ಟು ಬರಿದೋಳಿನಲ್ಲಿ ಹತ್ತು ಜನರ ನಡುವೆ ನಿಲ್ಲಬೇಕು, ನಿಲ್ಲಿಸುವವರೆಗೆ ನಾನು ಬಿಡುವುದಿಲ್ಲ ಎಂದು ಅಂದೇ ಹಟ ಹಿಡಿದೆ.

ಮಗಳಿಗೆ ರಜೆ ಸಿಗಲಿಲ್ಲ. ನಾನೇ ಆಟೋ ಮಾಡಿಕೊಂಡು ಲಿಂಗಂಪಲ್ಲಿ ಸ್ಟೇಷನ್ ಕಡೆಯ ಒಂದು ಸಣ್ಣ ದವಾಖಾನೆಗೆ ಕರೆದೊಯ್ದೆ. ಚರ್ಮದ ವೈದ್ಯೆ ನನ್ನ ಮಗಳ ಓರಗೆಯವರು, ಮೆದು ಮಾತು, ತೆಲುಗು. ಸೂಜಿ ಚುಚ್ಚುತ್ತಾರೆಂದು ಹೆದರಿದ ಹುಡುಗಿ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಕೂತುಬಿಟ್ಟಿದ್ದಳು. ನನಗೆ ತೆಲುಗು ಅರ್ಥವಾಗುತ್ತದೆಯೇ ಎಂದು ವೈದ್ಯೆ ಕೇಳಿದರು. ನಾನು ಗತ್ತಿನಿಂದ ತಲೆಯಾಡಿಸಿದೆ. ಎಡವಿದ್ದು ಅಲ್ಲೇ.

ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದು ಉಳಿದದ್ದು ಇಷ್ಟು, ಇಂದಿಗೂ ಬಾಯಿಪಾಠವಿದೆ: "ವಾರಂ ರೋಜುಲು ಪಲ್ಚಗಾ ರಾಯಂಡಿ. ಎರುಪು ತಗ್ಗಿತೇ ಚಾಲು."

ನಾನು ಕನ್ನಡದ ಟೀಚರ್ ಅಲ್ಲವೇ, ಶಬ್ದ ಬಿಡಿಸಿ ಅರ್ಥ ಮಾಡಿಕೊಂಡೆ. ವಾರಂ ಎಂದರೆ ವಾರ. ರೋಜು ಎಂದರೆ ಹಿಂದಿಯ ರೋಜ್, ದಿನಾಲೂ. ಅಂದರೆ ವಾರಗಟ್ಟಲೆ, ದಿನಾಲೂ. ರಾಯಂಡಿ ಎಂದರೆ ಹಚ್ಚಿರಿ, ಅದು ಅವರ ಕೈಸನ್ನೆಯಲ್ಲೇ ಗೊತ್ತಾಯಿತು. ಪಲ್ಚಗಾ ತಿಳಿಯಲಿಲ್ಲ, ನಮ್ಮ ಬೆಚ್ಚಗೆಯ ತಂಗಿ ಇರಬೇಕೆಂದುಕೊಂಡೆ. ಎರುಪು ಕೆಂಪು. ತಗ್ಗು ಅಂತೂ ಅಪ್ಪಟ ಕನ್ನಡ. ಇನ್ನುಳಿದದ್ದು ಚಾಲು. ನಮ್ಮ ಕಡೆ ಫ್ಯಾನು ಚಾಲೂ, ಗಿರಣಿ ಚಾಲೂ, ಜೂನ್ ಬಂದರೆ ಸಾಲಿ ಚಾಲೂ. ಕೆಂಪು ತಗ್ಗಿದರೂ ಚಾಲೂ ಇಡಿ, ನಿಲ್ಲಿಸಬೇಡಿ ಎಂದಿದ್ದಾರೆ. ಇಷ್ಟು ಸ್ಪಷ್ಟವಾಗಿರುವಾಗ ತಿರುಗಿ ಕೇಳುವುದೇನಿದೆ ಎಂದುಕೊಂಡು ಎದ್ದು ಬಂದೆ.

ಚೀಟಿಯಲ್ಲಿದ್ದದ್ದು ಇಂಗ್ಲಿಷು, ಅದೂ ವೈದ್ಯರ ಅಕ್ಷರ. ನನ್ನ ವಿದ್ಯಾರ್ಥಿನಿಯಾಗಿದ್ದರೆ ಕಾಪಿ ಬರೆಸುತ್ತಿದ್ದೆ. ಔಷಧದ ಅಂಗಡಿಯವನು ಟ್ಯೂಬಿನ ಡಬ್ಬಿಯ ಮೇಲೆ ಬೆಳಿಗ್ಗೆಗೊಂದು, ಸಂಜೆಗೊಂದು ಗೆರೆ ಎಳೆದುಕೊಟ್ಟ. ಜೊತೆಗೆ ಬಿಳಿಯ ಲೋಷನ್ನಿನ ದೊಡ್ಡ ಬಾಟಲಿ ಕೊಟ್ಟ. ಅದು ಶೋಕಿಯ ಸಾಮಾನೆಂದು ಬಚ್ಚಲಿನ ಮೂಲೆಗಿಟ್ಟೆ. ಡಾಕ್ಟರ್ ಏನಂದರೆಂದು ಸಂಜೆ ಮಗಳು ಕೇಳಿದಾಗ ಗಂಟಲು ಸರಿಮಾಡಿಕೊಂಡು, ದಿನಾ ಎರಡು ಸಲ, ಕಡಿಮೆಯಾದರೂ ಬಿಡುವಂತಿಲ್ಲ ಎಂದೆ. ನನ್ನ ದನಿಯಲ್ಲಿ ಮೂವತ್ತೊಂದು ವರ್ಷದ ಶಾಲೆ ಇತ್ತು. ಅವಳು ಮರುಪ್ರಶ್ನೆ ಹಾಕಲಿಲ್ಲ.

ಮೊದಲ ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ನಾಲ್ಕನೆಯ ದಿನಕ್ಕೆ ಕೆಂಪು ಇಳಿಯಿತು, ಆರನೆಯ ದಿನಕ್ಕೆ ತುರಿಕೆ ಹೋಯಿತು. ಊರಿಗೆ ಫೋನು ಮಾಡಿ ತಂಗಿಗೆ ಹೇಳಿಕೊಂಡೆ. ಆಮೇಲೂ ಚಾಲೂ. ಬೆಚ್ಚಗೆ ಆಗಬೇಕಲ್ಲ, ಅಂಗೈಯಿಂದ ತಿಕ್ಕಿ ತಿಕ್ಕಿ ಹಚ್ಚಿದೆ. ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ದಪ್ಪಗೆ ಹಚ್ಚಿದೆ. ಕುತ್ತಿಗೆಗೂ ಹಚ್ಚಿದೆ. ಬಾಯಿಯ ಪಕ್ಕ ಒಂದು ಒಣ ಮಚ್ಚೆ ಕಂಡಿತು, ಯಾರನ್ನೂ ಕೇಳದೆ ಅದಕ್ಕೂ ಹಚ್ಚಿದೆ. ಟ್ಯೂಬು ಮುಗಿಯಲು ಬಂದಾಗ ಗೇಟಿನ ಎದುರಿನ ಔಷಧದ ಅಂಗಡಿಗೆ ಹೋಗಿ ಖಾಲಿ ಡಬ್ಬಿ ತೋರಿಸಿದೆ. ಅದು ಇಲ್ಲ, ಇದು ಅದಕ್ಕಿಂತ ಜೋರು, ಬೇಗ ಗುಣವಾಗುತ್ತದೆ ಎಂದು ಅಲ್ಲಿಯವನು ಹಿಂದಿಯಲ್ಲಿ ಹೇಳಿ ಬೇರೆಯದನ್ನು ಕೊಟ್ಟ. ಚೀಟಿ ಕೇಳಲಿಲ್ಲ. ಜೋರಾದದ್ದು ಸಿಕ್ಕಿತೆಂದು ನಾನು ಹಿಗ್ಗಿ ಮನೆಗೆ ತಂದಿಟ್ಟೆ.

ಅಷ್ಟರಲ್ಲಿ ನಾಲ್ಕು ವಾರ ದಾಟಿತ್ತು. ಹುಡುಗಿಯ ಬಾಯಿಯ ಸುತ್ತ ಸಾಸಿವೆ ಗಾತ್ರದ ಕೆಂಪು ಗುಳ್ಳೆಗಳೆದ್ದಿದ್ದವು. ಮೊಣಕೈ ಮಡಿಕೆಯ ಚರ್ಮ ತೆಳುವಾಗಿ ಮಿರಮಿರ ಮಿಂಚುತ್ತಿತ್ತು. ಗುಳ್ಳೆಗಳ ತಪ್ಪನ್ನು ಸೆಕೆಯ ಮೇಲೆ ಹಾಕಿದೆ, ಮಿಂಚನ್ನು ಗುಣದ ಲಕ್ಷಣ ಎಂದುಕೊಂಡೆ.

ಶ್ರಾವಣ ಶುಕ್ರವಾರದಂದು ಎದುರು ಮನೆಯ ತೆಲುಗಿನ ಹೆಣ್ಣುಮಗಳು ನಮ್ಮಿಬ್ಬರನ್ನೂ ಅರಿಶಿಣ-ಕುಂಕುಮಕ್ಕೆ ಕರೆದಳು. ಊಟಕ್ಕೂ ಕೂರಿಸಿದಳು. ಹುಡುಗಿಯ ಬಟ್ಟಲಿಗೆ ಬೆಲ್ಲದ ಪಾಯಸ ಬಡಿಸುತ್ತಿದ್ದಾಗ ಇವಳು ಬಟ್ಟಲಿನ ಮೇಲೆ ಅಂಗೈ ಹಿಡಿದು ತೆಲುಗಿನಲ್ಲಿ, "ಚಾಲು ಆಂಟೀ, ಚಾಲು" ಎಂದಳು. ಆಕೆ ತಟ್ಟನೆ ಸೌಟನ್ನು ಹಿಂದಕ್ಕೆ ತೆಗೆದುಕೊಂಡಳು.

ನನಗೆ ಆಕೆಯ ಮೇಲೆ ಕೆಟ್ಟ ಸಿಟ್ಟು ಬಂತು. ಕೂಸು ಚಾಲೂ, ಚಾಲೂ ಎಂದು ಇನ್ನೂ ಬೇಡುತ್ತಿದೆ, ಈಕೆ ಸೌಟು ಎತ್ತಿಕೊಳ್ಳುತ್ತಾಳಲ್ಲ, ಹಬ್ಬದ ದಿನ ಇದೆಂಥ ಜಿಪುಣತನ! ಇನ್ನೂ ಬೇಕಿದ್ದರೆ ಮನೆಯಲ್ಲಿ ಮಾಡಿಕೊಡುತ್ತೇನೆ, ಹೀಗೆ ಅಂಗಲಾಚಬೇಡ ಎಂದು ಹುಡುಗಿಯ ಕಿವಿಯಲ್ಲಿ ಗದರಿದೆ. ಅವಳು ನನ್ನನ್ನು ಪಾಪ ಎನ್ನುವ ಹಾಗೆ ನೋಡಿದಳು.

"ಚಾಲು ಅಂದ್ರ ಸಾಕು, ಆಯಿ."

ಕೈಯಲ್ಲಿದ್ದ ತುತ್ತನ್ನು ಎಲೆಗೇ ಬಿಟ್ಟೆ. ಎಲೆಯ ಮುಂದಿನಿಂದ ಹೇಗೆ ಎದ್ದೆ, ಆಕೆಗೆ ಏನು ಹೇಳಿದೆ, ನೆನಪಿಲ್ಲ. ಮನೆಗೆ ಬಂದು ಪರ್ಸಿನೊಳಗಿನ ಚೀಟಿ ತೆಗೆದು ಹುಡುಗಿಯ ಕೈಗೆ ಕೊಟ್ಟೆ. ಎರಡನೆಯ ತರಗತಿಯ ಹುಡುಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: ಸೆವೆನ್ ಡೇಸ್. ಪಲ್ಚಗಾ ಅಂದರೇನೇ ಎಂದು ಕೇಳಿದೆ. ತೆಳ್ಳಗೆ ಎಂದಳು. ವಾರಂ ರೋಜುಲು? ಒಂದು ವಾರ. ಅವಳು ಒಂದೊಂದೇ ಉತ್ತರ ಕೊಡುತ್ತಾ ಹೋದಳು, ನಾನು ಒಂದೊಂದರಲ್ಲೂ ಫೇಲಾಗುತ್ತಾ ಹೋದೆ. ಕೆಂಪು ಕಡಿಮೆಯಾದರೆ ಸಾಕು ಎಂದು ವೈದ್ಯೆ ಹೇಳಿದ್ದರು, ನಾನು ನಾಲ್ಕು ವಾರ ತಿಕ್ಕಿದ್ದೆ. ಹಿಂದಿನ ದಿನ ತಂದ ಜೋರಾದ ಟ್ಯೂಬು ಬಿಚ್ಚದೆ ಕಪಾಟಿನಲ್ಲಿತ್ತು. ಪಾಯಸ ಬಡಿಸುವುದು ಒಂದು ದಿನ ತಡವಾಗಿದ್ದರೆ ಅದನ್ನೂ ಹಚ್ಚಿರುತ್ತಿದ್ದೆ.

ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿದೆ. ಅವಳು ಕೂಗಾಡುತ್ತಾಳೆಂದು ತಯಾರಾಗಿದ್ದೆ. ಕೂಗಾಡಲಿಲ್ಲ. ಮಗುವಿನ ಗಲ್ಲ ಎತ್ತಿ ದೀಪದ ಬೆಳಕಿಗೆ ಹಿಡಿದು ನೋಡಿದಳು, ಎರಡೂ ಟ್ಯೂಬುಗಳನ್ನು ತನ್ನ ಕಚೇರಿಯ ಚೀಲಕ್ಕೆ ಹಾಕಿಕೊಂಡಳು.

"ಇನ್ನ ಮ್ಯಾಲೆ ಆಕಿ ಮೈಗೆ ನೀ ಏನೂ ಹಚ್ಚಬ್ಯಾಡವ್ವ."

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ತಪ್ಪು ನನ್ನದೇ ಆದ್ದರಿಂದ ಬಾಯಿ ಮುಚ್ಚಿಕೊಂಡೆ, ನನ್ನ ಜನ್ಮದಲ್ಲಿ ಅಪರೂಪದ ಕೆಲಸ ಅದು.

ಟ್ಯೂಬು ನಿಂತ ಮೇಲೆ ಬಾಯಿಯ ಸುತ್ತಲಿನ ಗುಳ್ಳೆಗಳು ಮೊದಲು ಹೆಚ್ಚಿ ಆಮೇಲೆ ನಿಧಾನವಾಗಿ ಅಡಗತೊಡಗಿದವು. ಆದರೆ ಹತ್ತು ದಿನದೊಳಗೆ ಮೊಣಕೈ ಮತ್ತೆ ಕೆಂಪಾಯಿತು. ಮಗಳು ಮೆಟ್ರೊದಲ್ಲಿ ಹೋಗುತ್ತಾ ಬರುತ್ತಾ ಫೋನಿನಲ್ಲಿ ಓದಿದ್ದೇ ಓದಿದ್ದು. ಸ್ಟಿರಾಯ್ಡ್ ಎಂಬ ಶಬ್ದ ಕಂಡದ್ದೇ ತಡ, ಮೈಮೇಲೆ ಹಾವು ಬಿದ್ದವಳಂತಾದಳು. ಜೋರಾದ ಟ್ಯೂಬು ಕಸದ ಬುಟ್ಟಿಗೆ ಹೋಯಿತು, ಅದು ಸರಿ. ಆದರೆ ವೈದ್ಯೆ ಕೊಟ್ಟ ಸೌಮ್ಯವಾದದ್ದೂ ವಿಷ, ಇನ್ನು ಜನ್ಮದಲ್ಲಿ ಬೇಡ ಎಂದುಬಿಟ್ಟಳು. ಬೇವಿನ ನೀರಾಯಿತು, ಕೊಬ್ಬರಿ ಎಣ್ಣೆಯಾಯಿತು. ಹುಡುಗಿ ಕೆರೆದು ಕೆರೆದು ಬೆಳಿಗ್ಗೆ ಹಾಸಿಗೆಯ ಮೇಲೆ ರಕ್ತದ ಚುಕ್ಕೆ ಕಾಣತೊಡಗಿತು. ತುಂಬು ತೋಳಿನ ಅಂಗಿ ಮತ್ತೆ ಬಂತು. ಅಪಾರ್ಟ್‌ಮೆಂಟಿನ ಹೆಂಗಸರು ಆಗಲೇ ಬತುಕಮ್ಮದ ಮಾತು ಶುರು ಮಾಡಿದ್ದರು. ಇಲ್ಲಿ ದಸರೆಯ ಮುಂಚೆ ಹೆಣ್ಣುಮಕ್ಕಳು ಹೂವಿನ ಗೋಪುರ ಕಟ್ಟಿ ಅದರ ಸುತ್ತ ಹಾಡುತ್ತಾ ಆಡುವ ಹಬ್ಬ ಅದು. ಹೊಸ ಬಟ್ಟೆ ಯಾವುದೆಂದು ಮಕ್ಕಳು ಲಿಫ್ಟಿನಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಇವಳು ಮಹಡಿಯ ಅಂಕಿ ನೋಡುತ್ತಾ ನಿಲ್ಲುತ್ತಿದ್ದಳು.

ಒಂದು ಶುಕ್ರವಾರ ಸಂಜೆ ನನಗೆ ತಡೆಯಲಾಗಲಿಲ್ಲ. ಮುಚ್ಚಿದ್ದ ಬಾಯಿ ಬಿಟ್ಟೆ.

"ತಪ್ಪಿದ್ದು ನಾನು. ಔಷಧಕ್ಕ ಯಾಕ ಶಿಕ್ಷಾ ಕೊಡ್ತಿ? ನಾಳೆ ಮೂರೂ ಮಂದಿ ಹೋಗೂಣು, ಡಾಕ್ಟರ್ನ ಕೇಳೂಣು."

ಮಗಳು ಹುಡುಗಿಯ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಕೆರೆದ ಗಾಯಗಳನ್ನು ನೋಡಿದಳು. ಕೊನೆಗೆ ಹೂಂ ಎಂದಳು.

ಆ ಶನಿವಾರ ನಾನು ಎರಡು ನೂರು ಪುಟದ ನೋಟ್‌ಬುಕ್ಕು, ಎರಡು ಪೆನ್ನು, ಕನ್ನಡಕ, ಎಲ್ಲ ಸಜ್ಜಾಗಿ ಹೋದೆ. ಮೊಮ್ಮಗಳನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಕಿವಿಯಲ್ಲಿ ಬೆರಳಿಟ್ಟುಕೊಂಡರೆ ನೋಡು, ಇಂದು ನೀನೇ ನಮ್ಮ ದುಭಾಷಿ ಎಂದೆ. ಮಗಳಿಗೆ ತೆಲುಗು ಬರುತ್ತಿತ್ತು, ಆದರೆ ಈ ಕೆಲಸ ಹುಡುಗಿಯೇ ಮಾಡಲಿ ಎಂದು ಹಟ ಮಾಡಿದೆ. ತೋಳು ಅವಳದು. ನಾನು ನನ್ನ ತಪ್ಪನ್ನು ಕನ್ನಡದಲ್ಲಿ ಹೇಳಿದೆ, ಅವಳು ತೆಲುಗಿನಲ್ಲಿ ಹೇಳಿದಳು. ಚಾಲೂ ಎನ್ನುವಲ್ಲಿಗೆ ಬಂದಾಗ ವೈದ್ಯೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಸರಿಯಾಗಿ ಬೈದರು: ತಿಳಿಯದಿದ್ದರೆ ತಲೆ ಯಾಕೆ ಆಡಿಸಿದಿರಿ? ಈ ಪ್ರಶ್ನೆಯನ್ನು ಸಾವಿರ ಮಕ್ಕಳಿಗೆ ನಾನೇ ಕೇಳಿದ್ದೆ, ಒಬ್ಬರೂ ಉತ್ತರ ಕೊಟ್ಟಿರಲಿಲ್ಲ. ನಾನು ನೋಟ್‌ಬುಕ್ಕು ತೆರೆದೆ.

ಆಮೇಲೆ ಪಾಠ ನಡೆಯಿತು. ಈ ಕ್ರೀಮು ವಿಷವಲ್ಲ ಎಂದು ಮೊದಲು ಮಗಳ ಕಡೆ ತಿರುಗಿ ಹೇಳಿದರು. ಇದು ಸೌಮ್ಯ ಜಾತಿಯದು. ಹೇಳಿದ ಜಾಗಕ್ಕೆ, ಹೇಳಿದಷ್ಟು, ಹೇಳಿದಷ್ಟೇ ದಿನ ಹಚ್ಚಿದರೆ ಮಗುವಿನ ಮೈಗೂ ನಿಶ್ಚಿಂತೆ. ವಾರಗಟ್ಟಲೆ ಎಳೆದರೆ ಚರ್ಮ ತೆಳುವಾಗುತ್ತದೆ, ಮುಖಕ್ಕೆ ಕೇಳದೆ ಹಚ್ಚಿದರೆ ಇಂಥ ಗುಳ್ಳೆ ಏಳುತ್ತವೆ. ಹೆದರುವ ಹಾಗೇನೂ ಆಗಿಲ್ಲ, ಎಲ್ಲ ಸರಿಹೋಗುತ್ತದೆ. ಅಂಗಡಿಯವನು ಕೊಟ್ಟ ಜೋರಾದದ್ದನ್ನು ಬಳಸಿದ್ದರೆ ಈ ಮಾತು ಇಷ್ಟು ಸುಲಭವಾಗಿ ಹೇಳುತ್ತಿರಲಿಲ್ಲ ಎಂದರು. ಅದನ್ನೂ ಬರೆದುಕೊಂಡೆ.

ತೆಳ್ಳಗೆ ಅಂದರೆ ಎಷ್ಟು ತೆಳ್ಳಗೆ, ಅಳತೆ ಹೇಳಿ ಎಂದು ಕೇಳಿದೆ. ಅವರು ನನ್ನ ತೋರುಬೆರಳು ಹಿಡಿದು ತುದಿಯಿಂದ ಮೊದಲ ಗೆರೆಯವರೆಗೆ ಉದ್ದಕ್ಕೆ ಒಂದು ಎಳೆ ಕ್ರೀಮು ಹಿಂಡಿ ತೋರಿಸಿದರು. ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಲುತ್ತದೆ, ಇವಳ ಎರಡೂ ಮೊಣಕೈ ಮಡಿಕೆ ಸೇರಿದರೂ ಅಷ್ಟಾಗುವುದಿಲ್ಲ, ಅರ್ಧ ಎಳೆ ಸಾಕು ಎಂದರು. ಅಯ್ಯ ಶಿವನೇ, ನಾನು ಒಂದು ಹೊತ್ತಿಗೆ ಹಚ್ಚುತ್ತಿದ್ದದ್ದು ಇವರ ಮೂರು ದಿನದ ಪಾಲು! ತಿಕ್ಕುವುದೂ ಬೇಡವಂತೆ, ಮೆಲ್ಲಗೆ ಸವರಿದರೆ ಆಯಿತು, ಹಚ್ಚಿದ ಮೇಲೆ ಕ್ರೀಮು ಹಚ್ಚಿದವರು ಕೈ ತೊಳೆದುಕೊಳ್ಳಬೇಕು. ಕಣ್ಣಿನ ಹತ್ತಿರ ಬೇಡ, ಕೀವು ನೀರು ಒಸರುವ ಕಡೆ ಬೇಡ, ಹಾಗೇನಾದರೂ ಕಂಡರೆ ಮೊದಲು ತಮಗೆ ತೋರಿಸಬೇಕು. ಇವಳ ಕೆರೆದ ಗಾಯಗಳನ್ನು ನೋಡಿ, ಒಣಗುತ್ತಿವೆ, ಎರಡು ದಿನ ಬಿಟ್ಟು ಶುರು ಮಾಡಿ ಎಂದರು. ಏಳು ದಿನದಲ್ಲಿ ಕಡಿಮೆಯಾಗದಿದ್ದರೆ ಎಂಟನೆಯ ದಿನ ಹಚ್ಚುವುದಲ್ಲ, ಇಲ್ಲಿಗೆ ಬರುವುದು. ತಿಳಿಗೆಂಪು ಉಳಿದರೆ ಅದು ತಾನೇ ಮಾಸುತ್ತದೆ, ಅದರ ಬೆನ್ನು ಹತ್ತಬಾರದು.

ಲೋಷನ್ ಹಚ್ಚಿದಿರಾ ಎಂದು ಕೇಳಿದಾಗ ನಾನು ಶೋಕಿಯ ಮಾತು ಹೇಳಿದೆ. ಈ ಸಲ ನಗಲಿಲ್ಲ. ಇವಳಿಗೆ ದಿನಾಲೂ ಬೇಕಾದದ್ದು ಅದೇ, ಸ್ನಾನ ಮಾಡಿಸಿ ಮೈ ಒತ್ತಿ ಒರೆಸಿದ ಕೂಡಲೇ, ಮತ್ತೆ ಒಣಗಿದಾಗಲೆಲ್ಲ, ಗುಣವಾದ ಮೇಲೂ. ಕ್ರೀಮು, ಲೋಷನ್ ಎರಡರ ನಡುವೆ ಅರ್ಧ ತಾಸು ಬಿಡಬೇಕು. ಹಾಗಾದರೆ ನಮ್ಮ ದೀರ್ಘ ಚಾಲೂ ಲೋಷನ್ನಿಗೆ, ನಿಮ್ಮ ಹ್ರಸ್ವ ಚಾಲು ಕ್ರೀಮಿಗೆ ಎಂದೆ ನಾನು. ಮೊಮ್ಮಗಳು ಅದನ್ನು ತೆಲುಗಿಗೆ ತಿರುಗಿಸಲು ಹೋಗಿ ಸಿಕ್ಕಿಹಾಕಿಕೊಂಡಳು, ಆದರೂ ವೈದ್ಯೆಗೆ ತಿಳಿಯಿತು. ಬರೆದುಕೊಂಡ ಎರಡು ಪುಟವನ್ನು ಪೂರ್ತಿ ಓದಿ ಹೇಳಿ, ಕೊನೆಗೆ ಅವರಿಂದ ಸರಿ ಗುರುತು ಹಾಕಿಸಿಕೊಂಡೆ. ತೆಲುಗಿನಲ್ಲಿ ರಾಯಂಡಿ ಎಂದರೆ ಹಚ್ಚಿರಿ ಎಂದೂ ಹೌದು, ಬರೆಯಿರಿ ಎಂದೂ ಹೌದು ಎಂದು ಮೊಮ್ಮಗಳು ಆಟೋದಲ್ಲಿ ಹೇಳಿದಳು. ಮೊದಲ ಸಲ ನಾನು ಅರ್ಧವನ್ನಷ್ಟೇ ಮಾಡಿದ್ದೆ.

ದಾರಿಯಲ್ಲೇ ಅದೇ ಸೌಮ್ಯ ಕ್ರೀಮಿನ ಹೊಸ ಟ್ಯೂಬು ಕೊಂಡೆವು, ಮಗಳು ಅದನ್ನು ಮಾತ್ರ ನನ್ನ ಕೈಗೆ ಬಿಡಲಿಲ್ಲ. ಚೀಲದಿಂದ ತಾನೇ ತೆಗೆದು ನನ್ನ ಬೆರಳ ಮೇಲೆ ಅರ್ಧ ಎಳೆ ಹಿಂಡುತ್ತಿದ್ದಳು, ನಾನು ಅವಳೆದುರೇ ಹಚ್ಚುತ್ತಿದ್ದೆ, ಅವಳು ಮುಚ್ಚಳ ಹಾಕಿ ಒಯ್ಯುತ್ತಿದ್ದಳು. ಬಂದೂಕು ಕಾಯುವ ಪೊಲೀಸಿನವರೂ ಅಷ್ಟು ಕಾಯುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಏಳು ಮನೆಗಳನ್ನು ಕೆಂಪು ಪೆನ್ನಿನಿಂದ ಗುರುತು ಮಾಡಿದೆ. ಪ್ರತಿ ಸಂಜೆ ಹುಡುಗಿ ಒಂದು ಸರಿ ಗುರುತು ಹಾಕುತ್ತಿದ್ದಳು. ಮೂರನೆಯ ದಿನ ಕೆರೆತ ನಿಂತಿತು. ಐದನೆಯ ದಿನ ಮನೆಯೊಳಗೆ ಗಿಡ್ಡ ತೋಳಿನ ಅಂಗಿ ಹಾಕಿಕೊಂಡಳು. ನೋಡಿಯೂ ನೋಡದವರ ಹಾಗೆ ನಾನು ಮೆಂತ್ಯೆ ಸೊಪ್ಪು ಸೋಸುತ್ತಾ ಕೂತೆ, ಒಳಗೊಳಗೇ ಕುಣಿಯುತ್ತಿದ್ದೆ.

ಎಂಟನೆಯ ದಿನ ಬೆಳಿಗ್ಗೆ ಬಲ ಮೊಣಕೈ ಸ್ವಚ್ಛವಾಗಿತ್ತು. ಎಡಗಡೆ ಒಂದು ನಾಣ್ಯದಷ್ಟು ತಿಳಿಗೆಂಪು ಉಳಿದಿತ್ತು. ಬತುಕಮ್ಮಕ್ಕೆ ನಾಲ್ಕು ದಿನವಿತ್ತು. ನನ್ನ ಕೈ ಕಡಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಇನ್ನೊಂದೇ ಸಲ, ಒಂದು ಚೂರು ಸವರಿದರೆ ಹಬ್ಬದ ಹೊತ್ತಿಗೆ ಹಾಲಿನಂಥ ಚರ್ಮ. ಅದೇ ಹೊತ್ತಿಗೆ ಮಗಳು ಚೀಲದಿಂದ ಟ್ಯೂಬು ತೆಗೆದಳು. ವಿಷ, ವಿಷ ಎನ್ನುತ್ತಿದ್ದವಳು ಅದನ್ನು ಕೈಯಲ್ಲಿ ತಿರುಗಿಸುತ್ತಾ ನನ್ನನ್ನು ಕೇಳಿದಳು.

"ಇನ್ನೆರಡ ದಿನ ಹಚ್ಚೂಣೇನವ್ವ? ಹಬ್ಬ ಮುಗಿಯೂತನಕ?"

"ಏಳು ಅಂದಾರ. ಏಳ. ಒಳಗಿಡು ಅದನ್ನ."

ಹೀಗೆಂದು ನಾನು ಕ್ಯಾಲೆಂಡರಿನ ಎಂಟನೆಯ ಮನೆಯಲ್ಲಿ ದೊಡ್ಡದಾಗಿ ಸಾಕು ಎಂದು ಬರೆದೆ. ಮಗಳು ನನ್ನ ಮುಖವನ್ನೇ ನೋಡಿದಳು. ನಾಲ್ಕು ವಾರ ತಿಕ್ಕಿದವಳೂ ಇವಳೇನಾ ಎಂದು ಅವಳಿಗೆ ಅನಿಸಿರಬೇಕು, ಟ್ಯೂಬನ್ನು ಚೀಲದೊಳಗೆ ಹಾಕಿದಳು. ಆ ನಾಲ್ಕು ದಿನ ಬರೀ ಲೋಷನ್. ಮೂರನೆಯ ದಿನ ಎಡಮೊಣಕೈಯ ಕೆಂಪನ್ನು ಹುಡುಕಬೇಕಾಯಿತು.

ಹಬ್ಬದ ಸಂಜೆ ಖಣದ ಪೋಲಕ ತೊಡಿಸಿದೆ. ದರ್ಜಿಯವನು ತೋಳನ್ನು ಮೊಣಕೈಗಿಂತ ನಾಲ್ಕು ಬೆರಳು ಮೇಲೆಯೇ ನಿಲ್ಲಿಸಿದ್ದ. ಹುಡುಗಿ ಕನ್ನಡಿಯ ಮುಂದೆ ಕೈ ಮಡಚಿ, ಚಾಚಿ, ಮತ್ತೆ ಮಡಚಿ ನೋಡಿಕೊಂಡಳು. ಕೆಳಗೆ ಅಂಗಳದಲ್ಲಿ ಹೂವಿನ ಗೋಪುರಗಳ ಸುತ್ತ ಹೆಂಗಸರು ಚಪ್ಪಾಳೆ ತಟ್ಟುತ್ತಾ ತಿರುಗುತ್ತಿದ್ದರು. ಸಣ್ಣ ಹುಡುಗಿಯರು ಕೈಕೈ ಹಿಡಿದು ತಮ್ಮದೇ ಒಂದು ಸುತ್ತು ಕಟ್ಟುತ್ತಿದ್ದರು. ಅವರಲ್ಲಿ ಇವಳ ಶಾಲೆಯ ಹುಡುಗಿಯೊಬ್ಬಳಿದ್ದಳು, ಅಂಟುತ್ತದೆ ಎಂದವಳು ಅವಳೇ ಎಂದು ಇವಳು ನನಗೆ ಲಿಫ್ಟಿನಲ್ಲೇ ಹೇಳಿದ್ದಳು. ಸುತ್ತಿನಲ್ಲಿ ಖಾಲಿ ಜಾಗ ಇದ್ದದ್ದೂ ಅವಳ ಪಕ್ಕದಲ್ಲೇ.

ನಾನು ಬೆಂಚಿನಿಂದ ಅರ್ಧ ಎದ್ದಿದ್ದೆ. ಆ ಹುಡುಗಿ ಏನಾದರೂ ಅಂದರೆ ಅಂಗಳದಲ್ಲೇ ಪಾಠ ಮಾಡಿಬಿಡುತ್ತೇನೆ, ಕನ್ನಡದಲ್ಲಾದರೂ ಸರಿ ಎಂದು ತಯಾರಾಗಿದ್ದೆ. ನನ್ನ ಮೊಮ್ಮಗಳು ಹೋಗಿ ನಿಂತು ಎಡಗೈಯನ್ನು ಪೂರ್ತಿ ಚಾಚಿದಳು, ಒಳಮಡಿಕೆ ಮೇಲೆ ಮಾಡಿ, ಬೇಕಾದರೆ ನೋಡಿಕೋ ಎನ್ನುವಂತೆ. ಆ ಹುಡುಗಿ ನೋಡಿದಳು. ನೋಡಿ, ಕೈ ಹಿಡಿದುಕೊಂಡಳು. ಸುತ್ತು ತಿರುಗತೊಡಗಿತು.

ನಾನು ಅತ್ತೆ. ಜೋರಾಗಿಯೇ ಅತ್ತೆ, ಎದುರು ಮನೆಯಾಕೆ ಗಾಬರಿಯಾಗಿ ನೀರು ತಂದಳು. ಚಾಲು, ಚಾಲು ಎಂದೆ ಅವಳಿಗೆ, ಹ್ರಸ್ವದಲ್ಲಿ, ಅಚ್ಚ ತೆಲುಗಿನಲ್ಲಿ. ಅವಳು ಲೋಟ ಹಿಂದಕ್ಕೆ ತೆಗೆದುಕೊಂಡಳು. ಆ ಭಾಷೆಯಲ್ಲಿ ನಾನು ತಪ್ಪಿಲ್ಲದೆ ಆಡಿದ ಮೊದಲ ಶಬ್ದ ಅದು.

ಡಿಸೆಂಬರಿನ ಒಣ ಚಳಿಗೆ ಮಡಿಕೆಗಳು ಮತ್ತೆ ಸ್ವಲ್ಪ ಕೆಂಪಾದವು. ಬರುತ್ತದೆ, ಹೋಗುತ್ತದೆ ಎಂದು ವೈದ್ಯೆ ಮೊದಲೇ ಹೇಳಿದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಫೋನು ಮಾಡಿ ಕೇಳಿದೆವು. ಅದೇ ಟ್ಯೂಬು, ಅದೇ ಅರ್ಧ ಎಳೆ, ಅದೇ ಏಳು ದಿನ ಎಂದರು. ಮಗಳು ಮೆಟ್ರೊಗೆ ಓಡುವ ಅವಸರದಲ್ಲಿದ್ದಳು. ಚೀಲ ತೆರೆದು ಟ್ಯೂಬು ತೆಗೆದು ನನ್ನ ಅಂಗೈಯಲ್ಲಿಟ್ಟಳು, ಬೆರಳುಗಳನ್ನು ಅದರ ಮೇಲೆ ಮಡಚಿದಳು.

"ನಿನ್ನ ಹಂತ್ಯಾಕ ಇರ್ಲಿ, ಅವ್ವ. ನೀನ ಹಚ್ಚು."

ಏಳು ದಿನ ನಾನೇ ಹಿಂಡಿದೆ, ನಾನೇ ಹಚ್ಚಿದೆ, ಯಾರೂ ಕಾವಲು ಕೂರಲಿಲ್ಲ. ಏಳನೆಯ ಸಂಜೆ ಹಚ್ಚಿ ಮುಗಿಸಿದಾಗ ಹುಡುಗಿ ತೋಳನ್ನು ಹಿಂದಕ್ಕೆ ತೆಗೆದುಕೊಂಡು, ಚರ್ಮವನ್ನು ತಾನೇ ಮುಟ್ಟಿ ನೋಡಿಕೊಂಡಳು.

"ಚಾಲು, ಆಯಿ."

"ಹ್ರಸ್ವನೋ, ದೀರ್ಘನೋ?"

"ಹ್ರಸ್ವ."

ನಾನು ಟ್ಯೂಬಿನ ಮುಚ್ಚಳ ತಿರುಗಿಸಿ ಹಾಕಿದೆ.